ಸಾವಿರ ಲೀಟರ್ ನೀರಿಗೆ ನಮಗೆ 7 ರೂಪಾಯಿ ಇತ್ತು, ಮನೆಕೆಲಸದವರಿಗೆ 250. ಲೆಕ್ಕ ತಪ್ಪಿದ್ದರೆ ಹೇಳಿ

ಕಡಲೆಕಾಯಿ_ಪರಿಷೆ:
ಹೋದ ವಾರ ನಮ್ಮ ಮನೆಗೆ ಕೆಲಸಕ್ಕೆ ಬರುವವರು ಒಂದು ಗಂಟೆ ತಡವಾಗಿ ಬಂದರು. ಏನಾಯ್ತು ಅಂತ ಕೇಳಿದ್ದಕ್ಕೆ "ನೀರಿನ ಮಿಷಿನ್ ಕೆಟ್ಟೈತ್ರೀ ಅಕ್ಕಾರ, ಆಚೆ ಏರಿಯಾಕ್ಕೆ ಹೋಗಿ ಕ್ಯಾನ್ ತುಂಬಿಸ್ಕೊಂಡು ಬಂದೆ" ಅಂದರು. ರಾಯಚೂರು ಕಡೆಯವರು. ಗಂಡನದು ಗಾರೆ ಕೆಲಸ, ಇಬ್ಬರು ಮಕ್ಕಳು. ಕನಕಪುರ ರಸ್ತೆ ಕಡೆ ಶೀಟ್ ಮನೆಯಲ್ಲಿ ಬಾಡಿಗೆಗಿದ್ದಾರೆ. ನಮ್ಮ ಬನಶಂಕರಿಗೆ ಫ್ರೀ ಬಸ್ಸಿನಲ್ಲಿ ಬಂದು ಹೋಗುತ್ತಾರೆ.

ಮಿಷಿನ್ ಅಂದರೆ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕ. ಪಾತ್ರೆ ತೊಳೆಯುವ ಸದ್ದು ಕೇಳುತ್ತಾ ಸುಮ್ನೆ ಲೆಕ್ಕ ಹಾಕಿದೆ. 20 ಲೀಟರಿಗೆ 5 ಅಂದರೆ ಸಾವಿರ ಲೀಟರಿಗೆ 250. ಆಮೇಲೆ ನಮ್ಮ ಹಳೇ ನೀರಿನ ಬಿಲ್ ಹುಡುಕಿ ತೆಗೆದೆ. 2025ರ ಏಪ್ರಿಲ್‌ನಲ್ಲಿ ದರ ಏರುವ ತನಕ ಜಲಮಂಡಳಿ ಮನೆಗಳಿಗೆ ಮೊದಲ 8 ಸಾವಿರ ಲೀಟರಿಗೆ ಹಾಕುತ್ತಿದ್ದದ್ದು ಸಾವಿರಕ್ಕೆ 7 ರೂಪಾಯಿ. ಹತ್ತು ವರ್ಷಕ್ಕೂ ಜಾಸ್ತಿ ಅದೇ ದರ. ಈಗ ಏರಿದ್ದೂ ಲೀಟರಿಗೆ ಒಂದು ಪೈಸೆಯ ಒಳಗೇ. ಅದಕ್ಕೇ ನಮ್ಮ ಬೀದಿಯಲ್ಲಿ ಎಷ್ಟು ಗಲಾಟೆ ಆಯಿತು ಅಂತೀರಾ! ನಾನೂ ಗೊಣಗಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ಹಳೇ ದರದಲ್ಲಿ ನೋಡಿದರೆ, ನಾನು ಗಿಡಕ್ಕೆ ಹಾಕುವ ನೀರಿಗಿಂತ ಅವರ ಮಕ್ಕಳು ಕುಡಿಯುವ ನೀರಿಗೆ 35 ಪಟ್ಟು ಜಾಸ್ತಿ ಬೆಲೆ. ಇದು ಹೇಗೆ? ಲೆಕ್ಕದಲ್ಲಿ ಏನಾದರೂ ತಪ್ಪಿದೆಯಾ?

ಲೆಕ್ಕದ_ಮೇಷ್ಟ್ರು:
ಮೇಡಂ, ಲೆಕ್ಕ ಪೂರ್ತಿ ಸರಿ ಇಲ್ಲ. ನಿಮ್ಮ ಬಿಲ್ಲಿನಲ್ಲಿ ಒಳಚರಂಡಿ ಶುಲ್ಕ ಬೇರೆ ಇರುತ್ತದೆ, ಅದನ್ನು ಸೇರಿಸಿ. ಆಮೇಲೆ ಮಿಷಿನ್ ನೀರು ಫಿಲ್ಟರ್ ಆದ ನೀರು. ನಿಮ್ಮ ಮನೆಯ ಫಿಲ್ಟರಿನ ಬೆಲೆ, ವರ್ಷಕ್ಕೊಮ್ಮೆ ಅದರ ಸರ್ವಿಸ್ ಖರ್ಚು ಎಲ್ಲಿ ಹೋಯಿತು? ಇನ್ನೊಂದು, ಅವರು ಸ್ನಾನ, ಬಟ್ಟೆಗೆ 5 ರೂಪಾಯಿ ನೀರು ಬಳಸುವುದಿಲ್ಲ. ಅದಕ್ಕೆ ಬೋರ್ ನೀರೋ ಟ್ಯಾಂಕರ್ ನೀರೋ ಇರುತ್ತದೆ. ಅಂತರ ಇದೆ, ಒಪ್ಪುತ್ತೇನೆ. 35 ಪಟ್ಟು ಅನ್ನುವುದು ಉತ್ಪ್ರೇಕ್ಷೆ.

ಕಡಲೆಕಾಯಿ_ಪರಿಷೆ:
ಒಪ್ಪಿದೆ ಮೇಷ್ಟ್ರೇ. ಬೋರ್ ನೀರು ಮಾಲೀಕರು ಬೆಳಿಗ್ಗೆ ಅರ್ಧ ಗಂಟೆ ಬಿಡುತ್ತಾರಂತೆ. ಎಂಟು ಮನೆಗೆ ಒಂದೇ ನಲ್ಲಿ. ಬಾಡಿಗೆ 5 ಸಾವಿರ, ನೀರಿಗೆ ಅಂತ ಮೇಲೆ 300. ಅಂದರೆ ಅದೂ ಪುಕ್ಕಟೆ ಅಲ್ಲ.

ಲೆಕ್ಕದ_ಮೇಷ್ಟ್ರು:
ಹಾಗಿದ್ದರೆ ನಿಮ್ಮ ಪರವಾಗಿಯೇ ಒಂದು ಲೆಕ್ಕ ಕೊಡುತ್ತೇನೆ. 2024ರ ಬೇಸಿಗೆ ನೆನಪಿದೆ ಅಲ್ವಾ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5 ಸಾವಿರ ದಂಡ ಅಂದಿದ್ದರು. ಆಗ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತು ಮಾಡಿತು. 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರಿಗೆ 600, 12 ಸಾವಿರ ಲೀಟರಿಗೆ 1,000, ಜಿಎಸ್‌ಟಿ ಬೇರೆ. ಅಂದರೆ ದೊಡ್ಡ ಸಂಪು ಇದ್ದವನಿಗೆ ಸಾವಿರ ಲೀಟರ್ 83 ರೂಪಾಯಿಗೆ ಬಿತ್ತು. ಸಣ್ಣ ಸಂಪಿನವನಿಗೆ 100. ಸಂಪೇ ಇಲ್ಲದವನಿಗೆ, ನಿಮ್ಮ ಲೆಕ್ಕದಲ್ಲಿ, 250. ಪೈಪು ಇದ್ದವನಿಗೆ 7. ಸರ್ಕಾರಿ ಆದೇಶದಲ್ಲೂ ಮೆಟ್ಟಿಲು ಹಾಗೇ ಇದೆ ನೋಡಿ. ತುಂಬಿಟ್ಟುಕೊಳ್ಳಲು ಜಾಗ ಕಡಿಮೆ ಆದ ಹಾಗೆ ಬೆಲೆ ಜಾಸ್ತಿ.

ಸುಮ್ನೆ_ಹೇಳ್ದೆ:
ಎಲ್ಲಾ ಸರಿ. ಅಕ್ಕಿ ಫ್ರೀ, ಬಸ್ ಫ್ರೀ, 200 ಯೂನಿಟ್ ತನಕ ಕರೆಂಟ್ ಫ್ರೀ, ತಿಂಗಳಿಗೆ 2 ಸಾವಿರ ಬೇರೆ. ಟ್ಯಾಕ್ಸ್ ಕಟ್ಟುವ ನಮಗೆ ಏನಿದೆ? ಇಎಂಐ ಕಟ್ಟಿ ಕಟ್ಟಿ ನಾವೂ ಬಡವರೇ. ಬೆವರು ಸುರಿಸದೆ ಬಂದ ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ತೊಗರಿ_ಕಣಜ:
ಬೆವರಿನ ಮಾತು ಬಿಡಿ ಸರ್. ಎಂಟನೇ ಮಹಡಿಗೆ ಜಲ್ಲಿ ಹೊರುವವನಿಗೆ ಬೆವರು ಅಂದರೆ ಏನು ಅಂತ ನೀವು ಹೇಳಿಕೊಡಬೇಕಾ?

ಆ 2 ಸಾವಿರ ಯಾರಿಗೆ ಹೋಗುತ್ತದೆ ಗೊತ್ತಾ? ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ. ಊರಲ್ಲಿ ಒಂದೇ ಕಾರ್ಡು ಇದ್ದರೆ ಅದು ಅತ್ತೆಯ ಹೆಸರಲ್ಲಿರುತ್ತದೆ. ಬೆಂಗಳೂರಿಗೆ ದುಡಿಯಲು ಬಂದ ಸೊಸೆಗೆ ಗೃಹಲಕ್ಷ್ಮಿ ಇಲ್ಲ. ಅಕ್ಕಿ ಎಲ್ಲಿ ಬೇಕಾದರೂ ತಗೊಳ್ಳಬಹುದು ಅನ್ನುತ್ತಾರೆ, ನಿಜ. ಆದರೆ ಇವಳು ಇಲ್ಲಿ ಬೆರಳೊತ್ತಿ ತಗೊಂಡರೆ ಊರಲ್ಲಿರುವ ಮುದುಕರು ಏನು ಉಣ್ಣಬೇಕು? ಕರೆಂಟಂತೂ ಶೀಟ್ ಮನೆಯಲ್ಲಿ ಮಾಲೀಕನ ಒಂದೇ ಮೀಟರ್. ಅವನು ಯೂನಿಟ್ಟಿಗೆ ಹೇಳಿದ್ದೇ ರೇಟು.

ಹಂಗಂತ ಗ್ಯಾರಂಟಿ ದಂಡ ಅಂತ ನಾನು ಹೇಳುವುದಿಲ್ಲ. ನಮ್ಮ ದೊಡ್ಡವ್ವ ಆ ದುಡ್ಡಲ್ಲಿ ಬಿಪಿ ಗುಳಿಗೆ ತಪ್ಪದೆ ತಗೊಳ್ಳುತ್ತಾಳೆ. ಮೊದಲು ಅರ್ಧ ಮುರಿದು ತಿನ್ನುತ್ತಿದ್ದಳು.

ಗಲ್ಲಾಪೆಟ್ಟಿಗೆ:
ನಾನು ದಾವಣಗೆರೆಯಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟಿದ್ದೇನೆ, 19 ವರ್ಷ ಆಯ್ತು. ಪುಸ್ತಕ ಓದಿ ಹೇಳುತ್ತಿಲ್ಲ, ಗಲ್ಲಾದ ಹಿಂದೆ ಕೂತು ನೋಡಿದ್ದು.

ಸಂಜೆ ಆರೂವರೆಗೆ ಕೂಲಿ ಬಟವಾಡೆ ಆಗುತ್ತದೆ. ಏಳಕ್ಕೆ ನನ್ನ ಅಂಗಡಿ ತುಂಬುತ್ತದೆ. 10 ರೂಪಾಯಿ ಎಣ್ಣೆ, 10 ರೂಪಾಯಿ ಬೇಳೆ, 5 ರೂಪಾಯಿ ಚಹಾಪುಡಿ, ಎರಡು ಈರುಳ್ಳಿ. ಎಣ್ಣೆಯನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹುಯ್ದು ಗಂಟು ಹಾಕಿ ಕೊಡುತ್ತೇನೆ. ಒಂದು ಲೀಟರ್ ಪ್ಯಾಕೆಟ್ ಒಟ್ಟಿಗೆ ತಗೊಂಡರೆ ಅವರಿಗೆ ಎಷ್ಟೋ ಉಳಿಯುತ್ತದೆ. ಅದು ಅವರಿಗೂ ಗೊತ್ತು. ಒಬ್ಬ ತಾಯಿಗೆ ಒಂದು ಸಲ ಹೇಳಿದೆ, "ಅಕ್ಕ, ಲೀಟರ್ ತಗೊಂಡ್ರೆ ಲಾಭ." ಅವರು ನಕ್ಕು, "ಲೀಟರ್ ತಗೊಂಡ್ರೆ ಇವತ್ತು ಬೇಳೆ ಬಿಡ್ಬೇಕಲ್ಲಪ್ಪ" ಅಂದರು. ಆಮೇಲೆ ಯಾರಿಗೂ ಬುದ್ಧಿ ಹೇಳಲು ಹೋಗಿಲ್ಲ.

ನಾನೂ ಬಿಡಿಯಾಗಿ ಮಾರಿದರೆ ಎರಡು ಕಾಸು ಜಾಸ್ತಿ ಇಡುತ್ತೇನೆ. ಸೋರುತ್ತದೆ, ಕವರಿಗೆ ದುಡ್ಡು, ಅಳೆಯುವ ಹೊತ್ತು, ಉದ್ರಿ ಬರೆದದ್ದರಲ್ಲಿ ಮುಳುಗುವುದು ಬೇರೆ. ತಿಂಗಳ ಸಾಮಾನು ಚೀಟಿ ಹಿಡಿದು ಬರುವವರಿಗೆ ನಾನೇ ಐದು ಹತ್ತು ಬಿಡುತ್ತೇನೆ, ಮನೆಗೂ ತಲುಪಿಸುತ್ತೇನೆ. ಹೀಗೆ ಬರೆಯುವಾಗ ನನಗೇ ಕಸಿವಿಸಿ ಆಗುತ್ತಿದೆ.

ಒಂದು ಮಾತ್ರ ಉಲ್ಟಾ, ಶಾಂಪೂ. ಎಷ್ಟೋ ಕಂಪನಿಯದು ಬಾಟಲಿಗಿಂತ ಸ್ಯಾಷೆಯೇ ಅಗ್ಗ ಬೀಳುತ್ತದೆ. ಕಾರಿನಲ್ಲಿ ಬರುವವರು ಬಾಟಲಿ ಒಯ್ಯುತ್ತಾರೆ. ನಾನು ಬಾಯಿ ಬಿಡುವುದಿಲ್ಲ!

ಎರಡನೇ_ಪಾಳಿ:
ಮೇಷ್ಟ್ರು ಹೇಳಿದ "ತುಂಬಿಟ್ಟುಕೊಳ್ಳಲು ಜಾಗ" ಅನ್ನುವುದು ನೀರಿಗೆ ಮಾತ್ರ ಅಲ್ಲ. ದುಡ್ಡಿಗೂ ಅದೇ. ನಮ್ಮಮ್ಮ ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಸಂಬಳ ಬಂದ ದಿನವೇ ಬಾಡಿಗೆ, ಚೀಟಿ, ಅಂಗಡಿ ಉದ್ರಿಗೆ ಹಂಚಿಹೋಗುತ್ತಿತ್ತು. ಅವರ ಬದುಕಿನಲ್ಲಿ ಗಂಟು ಅಂತ ಇದ್ದದ್ದು ಪಿಎಫ್ ಒಂದೇ.

ನಾಲ್ಕೈದು ವರ್ಷಕ್ಕೊಮ್ಮೆ ಕೆಲಸ ಬಿಡುವುದು, ಪಿಎಫ್ ಬಿಡಿಸಿಕೊಳ್ಳುವುದು, ಇನ್ನೊಂದು ಫ್ಯಾಕ್ಟರಿಗೆ ಹೊಸಬರ ಹಾಗೆ ಸೇರುವುದು. ಅವರ ಸಾಲಿನಲ್ಲಿ ತುಂಬಾ ಜನ ಹಾಗೇ ಮಾಡುತ್ತಿದ್ದರು. ಸರ್ವಿಸ್ ಹೋಗುತ್ತದೆ, ಗ್ರಾಚುಯಿಟಿ ಹೋಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಅಕ್ಕನ ಮದುವೆಗೆ, ನನ್ನ ಕಾಲೇಜು ಫೀಸಿಗೆ ಅಷ್ಟು ದುಡ್ಡು ಒಟ್ಟಿಗೆ ಸಿಗುವ ದಾರಿ ಅದೊಂದೇ.

2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ಅನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ನಿಯಮ ತಂದಿತು. ಏಪ್ರಿಲ್ 18, 19 ಎರಡು ದಿನ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಆಯಿತು. ದೊಡ್ಡ ನಾಯಕರು ಯಾರೂ ಮುಂದೆ ಇರಲಿಲ್ಲ. 19ರಂದೇ ಸರ್ಕಾರ ನಿಯಮ ಹಿಂದೆ ತಗೊಂಡಿತು. ಟೀವಿಯಲ್ಲಿ ಟ್ರಾಫಿಕ್ ಜಾಮ್ ಬಗ್ಗೆಯೇ ಮಾತು. ಅಮ್ಮ ಆ ದಿನ ರಾತ್ರಿ ಮನೆಗೆ ಬಂದಾಗ ಒಂದು ಚಪ್ಪಲಿ ಇರಲಿಲ್ಲ. ಹೊಸ ಚಪ್ಪಲಿ ಕಳೆದುಹೋಯ್ತು ಅಂತ ಮೂರು ದಿನ ಬೇಜಾರು ಮಾಡಿಕೊಂಡಿದ್ದರು.

ಸುಮ್ನೆ_ಹೇಳ್ದೆ:
@ಎರಡನೇ_ಪಾಳಿ ನಿಮ್ಮಮ್ಮನ ಬಗ್ಗೆ ಗೌರವ ಇದೆ. ನಾನು ಹೇಳಿದ್ದು ದುಡಿಯದವರ ಬಗ್ಗೆ.

ಎರಡನೇ_ಪಾಳಿ:
ದುಡಿಯದೆ ಇರುವ ಬಡವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ ಸರ್. ಸಿಕ್ಕರೆ ವಿಳಾಸ ಕಳಿಸಿ.

ಸೊಪ್ಪಿನ_ಕಟ್ಟು:
ಗಂಟು ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ನಮ್ಮ ಮಾವ ತಳ್ಳುಗಾಡಿಯಲ್ಲಿ ಸೊಪ್ಪು, ತರಕಾರಿ ಮಾರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ ಹತ್ತಿರ ಒಬ್ಬ ಬರುತ್ತಿದ್ದ. ಕೈಗೆ 900 ಕೊಡುತ್ತಾನೆ, ಸಂಜೆಗೆ 1,000 ವಾಪಸ್ ಕೊಡಬೇಕು. ಕಾಗದ ಇಲ್ಲ, ಸಹಿ ಇಲ್ಲ. ದಿನಕ್ಕೆ ನೂರಕ್ಕೆ ಹನ್ನೊಂದು ಬಡ್ಡಿ ಆಯ್ತು. ವರ್ಷದ ಲೆಕ್ಕ ಮೇಷ್ಟ್ರು ಹಾಕಿಕೊಳ್ಳಲಿ.

ಮಳೆ ಬಂದ ದಿನ ಸೊಪ್ಪು ಕೊಳೆಯುತ್ತದೆ, ಬಡ್ಡಿ ಕೊಳೆಯುವುದಿಲ್ಲ.

2018ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಬಡವರ ಬಂಧು ಅಂತ ತಂದಿತು. ಬೀದಿ ವ್ಯಾಪಾರಿಗಳಿಗೆ 2 ಸಾವಿರದಿಂದ 10 ಸಾವಿರದ ತನಕ ಬಡ್ಡಿ ಇಲ್ಲದ ಸಾಲ, ಸಹಕಾರಿ ಬ್ಯಾಂಕುಗಳ ಮೂಲಕ. 2020ರಲ್ಲಿ ಕೇಂದ್ರದ ಸ್ವನಿಧಿ ಬಂತು, ಮೊದಲ ಸಲ 10 ಸಾವಿರ. ಮಾವನಿಗೆ ಸ್ವನಿಧಿ ಸಿಕ್ಕಿತು, ಚೆನ್ನಾಗಿಯೇ ಆಯಿತು. ಒಂದು ವರ್ಷ ಆ ನಾಲ್ಕು ಗಂಟೆಯ ಗಿರಾಕಿಯ ಮುಖ ನೋಡಲಿಲ್ಲ. ಆಮೇಲೆ ಅತ್ತೆಗೆ ಗರ್ಭಕೋಶದ ಆಪರೇಷನ್. ಕಾರ್ಡಿನಲ್ಲಿ ಆಪರೇಷನ್ ಫ್ರೀ ಆಯಿತು, ಆದರೆ ಹದಿನೈದು ದಿನ ಗಾಡಿ ನಿಂತಿತು. ಅಲ್ಲಿಗೆ ಬಂಡವಾಳ ಕರಗಿತು, ಮತ್ತೆ ಮಾರ್ಕೆಟ್ ಹತ್ತಿರ ಅದೇ 900. ಬ್ಯಾಂಕು ಬಾಗಿಲು ತೆಗೆಯುವುದು ಹತ್ತು ಗಂಟೆಗೆ. ಸೊಪ್ಪಿನ ವ್ಯಾಪಾರ ಮುಗಿಯುವುದೂ ಹತ್ತಕ್ಕೆ.

ಕಬಿನಿ_ನಾಲೆ:
ನಮ್ಮ ಕಡೆ ವಾರದ ಕಂತು. ಮೈಕ್ರೋಫೈನಾನ್ಸ್ ಕಂಪನಿಯವರು ಹತ್ತು ಜನ ಹೆಂಗಸರ ಗುಂಪು ಮಾಡಿ ಸಾಲ ಕೊಡುತ್ತಾರೆ. ಒಬ್ಬರು ಕಟ್ಟದಿದ್ದರೆ ಮಿಕ್ಕವರು ಕಟ್ಟಬೇಕು. ಕಂತಿನ ದಿನ ಎಲ್ಲರ ದುಡ್ಡು ಸೇರುವ ತನಕ ಯಾರೂ ಚಾಪೆಯಿಂದ ಏಳುವ ಹಾಗಿಲ್ಲ. ನಮ್ಮ ಚಿಕ್ಕಮ್ಮ ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಲ್ಲಿ ತಗೊಂಡರು, ಅದಕ್ಕೆ ಮೂರನೆಯದರಲ್ಲಿ. ಪಾಸ್‌ಬುಕ್ಕಿನಲ್ಲಿ ನೂರಕ್ಕೆ 24 ಬಡ್ಡಿ ಅಂತ ಬರೆದಿತ್ತು. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ, ಸಾಲ ಇನ್ನೂ ತೀರಿಲ್ಲ.

ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿ ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಕಂತಿಗೆ ಹೋಗಬಾರದು ಅಂತಿದೆ. ಅದೇ ನಿಯಮದಲ್ಲಿ ಬಡ್ಡಿಗಿದ್ದ ಮಿತಿಯನ್ನೂ ತೆಗೆದರು. ಅರ್ಧ ಅನ್ನುವುದೇ ನನಗೆ ಅರ್ಥ ಆಗದ ಮಾತು. ತಿಂಗಳಿಗೆ 12 ಸಾವಿರ ಬರುವ ಮನೆಯಲ್ಲಿ 6 ಸಾವಿರ ಕಂತಿಗೆ ಹೋದರೆ ಉಳಿದಿದ್ದರಲ್ಲಿ ನಾಲ್ಕು ಜನ ಬದುಕುವುದನ್ನು ನಿಯಮ ಬರೆದವರು ಒಂದು ತಿಂಗಳು ಮಾಡಿ ತೋರಿಸಲಿ.

2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದಾಗ ಎಲ್ಲರೂ ಗಾಬರಿಯಾದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಮನೆ ಮುಂದೆ ಬಂದು ಕೂಗಾಡುವುದು ಕಡಿಮೆಯಾಗಿದೆ, ಅದು ನಿಜ. ಆದರೆ ಹೊಸ ಸಾಲವೂ ಸಿಗುತ್ತಿಲ್ಲ. ಮಗುವಿಗೆ ಜ್ವರ ಬಂದರೆ ಈಗ ಮತ್ತೆ ಊರಿನ ಮೀಟರ್ ಬಡ್ಡಿಯವನೇ ಗತಿ.

ಲೆಕ್ಕದ_ಮೇಷ್ಟ್ರು:
ದೇಶದ ಲೆಕ್ಕವನ್ನೂ ಒಂದು ಸಾಲು ಹಾಕಿಬಿಡುತ್ತೇನೆ. ಅಸಮಾನತೆ ಬಗ್ಗೆ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬ್ 2024ರಲ್ಲಿ ಒಂದು ವರದಿ ತಂದಿತ್ತು. 2022-23ರಲ್ಲಿ ದೇಶದ ಆದಾಯದಲ್ಲಿ ಶೇ. 22.6 ಮೇಲಿನ ಶೇ. 1ರಷ್ಟು ಜನರ ಕೈಗೆ ಹೋಗಿದೆ. ಆಸ್ತಿಯಲ್ಲಿ ಶೇ. 40.1. ಆದಾಯದ ಅಂತರಕ್ಕಿಂತ ಆಸ್ತಿಯ ಅಂತರ ಜಾಸ್ತಿ ಅನ್ನುವುದನ್ನು ಗಮನಿಸಿ. ನೀವೆಲ್ಲಾ ಗಂಟು ಗಂಟು ಅನ್ನುತ್ತಿರುವುದು ಅದನ್ನೇ.

ತೊಗರಿ_ಕಣಜ:
ಮೇಷ್ಟ್ರೇ, ದೇಶದ ತನಕ ಯಾಕೆ, ನಮ್ಮ ರಾಜ್ಯದಲ್ಲೇ ನೋಡಿ. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕಿನಲ್ಲಿ 114 ಹಿಂದುಳಿದವು. ಅದರಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ನಮ್ಮ ಗುಲ್ಬರ್ಗ ವಿಭಾಗದವು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು. ಬಸ್‌ಸ್ಟ್ಯಾಂಡ್‌ನಲ್ಲಿ ದೀಪಾವಳಿ ಮುಗಿದ ಮೇಲೆ ನಿಂತು ನೋಡಿ. ಚೀಲದಲ್ಲಿ ರೊಟ್ಟಿ, ಪಾತ್ರೆ, ಹಾಸಿಗೆ ಸುತ್ತಿಕೊಂಡು ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಗುಳೆ ಹೊರಡುವವರು ಈಗಲೂ ಹೊರಡುತ್ತಲೇ ಇದ್ದಾರೆ.

ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ ಕೂಲಿ ಗೊತ್ತು ಮಾಡಿದ್ದರು. ಬೆಂಗಳೂರಿನಲ್ಲಿ ಗಾರೆ ಹೆಲ್ಪರ್‌ಗೆ ಅದರ ಎರಡು ಪಟ್ಟು ಸಿಗುತ್ತದೆ, ಅದೂ ವಾರದ ಕೊನೆಗೆ ಕೈಗೇ. ಪರಿಷೆ ಮೇಡಂ ಮನೆಗೆ ಬರುವ ಅಕ್ಕ 5 ರೂಪಾಯಿ ನೀರು ಕುಡಿದೂ ಇಲ್ಲೇ ಇರುವುದು ಅದಕ್ಕೆ. ಊರಲ್ಲಿ ನೀರು ಪುಕ್ಕಟೆ, ಕೆಲಸ ಇಲ್ಲ.

ಬಿ_ಬ್ಲಾಕ್:
ನಮ್ಮ ಅಪಾರ್ಟ್‌ಮೆಂಟಿನ ಒಂದು ವಿಷಯ ಹೇಳಲೇ? ಮನೆಕೆಲಸದವರಿಗೆ ಹಳೇ ಸೀರೆ ಕೊಟ್ಟರೂ ಜೊತೆಗೆ ಒಂದು ಚೀಟಿ ಬರೆದುಕೊಡಬೇಕು, "ಇದನ್ನು ನಾನೇ ಕೊಟ್ಟಿದ್ದೇನೆ" ಅಂತ, ಫ್ಲಾಟ್ ನಂಬರ್ ಹಾಕಿ. ಇಲ್ಲದಿದ್ದರೆ ಗೇಟಿನಲ್ಲಿ ಬಿಡುವುದಿಲ್ಲ. ಯುಗಾದಿಗೆ ನನ್ನ ಹೆಂಡತಿ ಹೋಳಿಗೆ ಕಟ್ಟಿಕೊಟ್ಟಿದ್ದಳು. ಗೇಟಿನಿಂದ ಫೋನ್ ಬಂತು, "ಸರ್, ಹೋಳಿಗೆ ನೀವು ಕೊಟ್ಟಿದ್ದಾ?" ಫೋನ್ ಮಾಡಿದ ಸೆಕ್ಯುರಿಟಿ ಹುಡುಗನ ಸಂಬಳ ಆ ಅಕ್ಕನದಕ್ಕಿಂತ ಕಡಿಮೆ. ಅವನ ಪಕ್ಕದಲ್ಲೇ ಅವರು ಡಬ್ಬಿ ಹಿಡಿದು ನಿಂತಿದ್ದರು. ಸಭೆಯಲ್ಲಿ ಈ ಚೀಟಿ ಪದ್ಧತಿ ತೆಗೆಯೋಣ ಅಂದೆ. ನನ್ನ ಜೊತೆ ಕೈ ಎತ್ತಿದ್ದು ಮೂರು ಜನ.

ಸುಮ್ನೆ_ಹೇಳ್ದೆ:
ಹೋಳಿಗೆಗೆ ಫೋನ್ ಮಾಡಿದ್ದು ಅತಿಯಾಯ್ತು. ಅದನ್ನು ನಾನೂ ಒಪ್ಪುತ್ತೇನೆ.

ಕಡಲೆಕಾಯಿ_ಪರಿಷೆ:
ಎರಡು ವಾರ ಆಯ್ತು, ಬಂದು ಹೇಳೋಣ ಅಂದುಕೊಂಡೆ. ಅವರ ಹತ್ತಿರ ಕೂತು ಮಾತಾಡಿದೆ. ನೀರಿನ ಬಗ್ಗೆ ನನಗಿದ್ದಷ್ಟು ಸಿಟ್ಟು ಅವರಿಗಿಲ್ಲ. ಅವರ ತಲೆನೋವು ಗ್ಯಾಸ್. ಸಿಲಿಂಡರ್ ಇದೆ, ಕನೆಕ್ಷನ್ ಇಲ್ಲ. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತುಂಬಿಸುತ್ತಾರೆ, ಕೆಜಿಗೆ 120. ನಾವು 2025ರಲ್ಲಿ 14.2 ಕೆಜಿಗೆ ಎಂಟುನೂರೈವತ್ತು ಚಿಲ್ಲರೆ ಕೊಡುತ್ತಿದ್ದೆವು, ಕೆಜಿಗೆ 60 ಬೀಳುತ್ತಿತ್ತು. ಇಲ್ಲೂ ಡಬಲ್.

ಆಮೇಲೆ ಮನೆ. ಎರಡು ಬೀದಿ ಆಚೆ ಕಾವೇರಿ ನಲ್ಲಿ ಇರುವ ಆರ್‌ಸಿಸಿ ಮನೆ ಖಾಲಿ ಇದೆಯಂತೆ. ಬಾಡಿಗೆ ಈಗಿನದಕ್ಕಿಂತ 500 ಮಾತ್ರ ಜಾಸ್ತಿ. ಆದರೆ ಅಡ್ವಾನ್ಸ್ 50 ಸಾವಿರ. ಈಗಿನ ಮನೆಯ ಅಡ್ವಾನ್ಸ್ 10 ಸಾವಿರ. ನಡುವೆ ಇರುವ 40 ಸಾವಿರ ಇಲ್ಲದ್ದಕ್ಕೆ ಕ್ಯಾನ್ ಹೊರುತ್ತಿದ್ದಾರೆ. ನಮ್ಮ ಅಕ್ಕನ ಮಗ ಹೋದ ವರ್ಷ 12 ಲಕ್ಷ ಕೊಟ್ಟು ಲೀಸಿಗೆ ಮನೆ ಹಿಡಿದ. ಮೂರು ವರ್ಷ ಬಾಡಿಗೆಯೇ ಇಲ್ಲ, ಕೊನೆಗೆ ದುಡ್ಡು ಪೂರ್ತಿ ವಾಪಸ್. ಇದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆ 40 ಸಾವಿರ ನಾನೇ ಕೊಟ್ಟು ತಿಂಗಳಿಗೆ 1 ಸಾವಿರ ಸಂಬಳದಲ್ಲಿ ಹಿಡಿದುಕೊಳ್ಳೋಣ ಅಂತಿದ್ದೇನೆ. ಏನಂತೀರಿ?

ಸೊಪ್ಪಿನ_ಕಟ್ಟು:
ಗ್ಯಾಸಿಗೆ ಒಂದು ದಾರಿ ಇದೆ. 5 ಕೆಜಿ ಸಣ್ಣ ಸಿಲಿಂಡರ್ ಏಜೆನ್ಸಿಯಲ್ಲಿ, ಕೆಲವು ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ವಿಳಾಸದ ದಾಖಲೆ ಬೇಡ, ಆಧಾರ್ ತೋರಿಸಿದರೆ ಸಾಕು. ರೇಟು ದೊಡ್ಡ ಸಿಲಿಂಡರಿಗಿಂತ ಜಾಸ್ತಿಯೇ. ಆದರೆ ತೂಕದಲ್ಲಿ ಮೋಸ ಇಲ್ಲ, ಸಿಡಿಯುವ ಭಯ ಕಡಿಮೆ. ಉಜ್ವಲಾ ಎರಡನೇ ಹಂತದಲ್ಲಿ ವಲಸೆ ಬಂದವರು ವಿಳಾಸಕ್ಕೆ ತಾವೇ ಬರೆದುಕೊಟ್ಟರೆ ಆಗುತ್ತದೆ ಅಂತ ಮಾಡಿದ್ದರು. ಅದನ್ನೂ ಏಜೆನ್ಸಿಯಲ್ಲಿ ಕೇಳಿಸಿ.

ತೊಗರಿ_ಕಣಜ:
ಮೇಡಂ, ತಪ್ಪು ತಿಳಿಯಬೇಡಿ, ಕಟುವಾಗಿ ಹೇಳುತ್ತೇನೆ. ಮುಂಗಡ ಕೊಟ್ಟು ಸಂಬಳದಲ್ಲಿ ಹಿಡಿಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಇಟ್ಟಿಗೆ ಭಟ್ಟಿಯಲ್ಲಿ, ಗೌಡರ ಹೊಲದಲ್ಲಿ ಎಲ್ಲಾ ಹಾಗೇ ಶುರುವಾಗಿದ್ದು. ಸಾಲ ತೀರುವ ತನಕ ಕೆಲಸ ಬಿಡುವ ಹಾಗಿಲ್ಲ ಅಂತಾದರೆ 1976ರ ಕಾನೂನಿನಲ್ಲಿ ಅದಕ್ಕೆ ಜೀತ ಅಂತ ಹೆಸರು. ನಿಮ್ಮ ಮನಸ್ಸು ಒಳ್ಳೆಯದಿರಬಹುದು. ಆದರೆ 40 ತಿಂಗಳು ಅವರು ನಿಮಗೆ ಎದುರು ಮಾತಾಡಲು ಆಗುತ್ತದಾ? ಬೇರೆ ಮನೆಯಲ್ಲಿ ಜಾಸ್ತಿ ಸಂಬಳ ಸಿಕ್ಕರೆ ಹೋಗಲು ಆಗುತ್ತದಾ?

ಕಡಲೆಕಾಯಿ_ಪರಿಷೆ:
ಇದು ನನಗೆ ಹೊಳೆದೇ ಇರಲಿಲ್ಲ. ರಾತ್ರಿಯೆಲ್ಲಾ ಅದೇ ಯೋಚನೆ.

ಲೆಕ್ಕದ_ಮೇಷ್ಟ್ರು:
ಸಂಬಳ ಪೂರ್ತಿ ಕೈಗೆ ಕೊಡಿ. ಸಾಲ ಬೇರೆ ಪುಸ್ತಕದಲ್ಲಿ ಬರೆಯಿರಿ, ಎರಡು ಪ್ರತಿ, ಇಬ್ಬರ ಸಹಿ. ಕೆಲಸ ಬಿಟ್ಟರೂ ಸಾಲದ ಕಂತು ಹಾಗೇ ನಡೆಯುತ್ತದೆ ಅಂತ ಅದರಲ್ಲೇ ಇರಲಿ. ಸಾಲಕ್ಕೂ ಕೆಲಸಕ್ಕೂ ಗಂಟು ಹಾಕಬೇಡಿ.

ಗಲ್ಲಾಪೆಟ್ಟಿಗೆ:
ಅಡ್ವಾನ್ಸಿಗೆ ಮನೆ ಮಾಲೀಕರಿಂದ ರಸೀದಿ ಅವರ ಹೆಸರಲ್ಲೇ ಮಾಡಿಸಿ. ಬಿಡುವಾಗ ಪೇಂಟ್ ಅಂತ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನೂ ಮೊದಲೇ ಬರೆಸಿ.

ಕಡಲೆಕಾಯಿ_ಪರಿಷೆ:
ಮೇಷ್ಟ್ರು ಹೇಳಿದ ಹಾಗೇ ಮಾಡಿದೆ. ನೋಟ್‌ಬುಕ್ ತಂದು ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಬಡ್ಡಿ ಎಷ್ಟ್ರೀ ಅಕ್ಕಾರ?" ಅಂದರು. ಬಡ್ಡಿ ಇಲ್ಲ ಅಂದೆ. ಏನೂ ಮಾತಾಡದೆ ಪಾತ್ರೆ ತೊಳೆದು ಹೋದರು. ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಮಾರನೇ ದಿನ ಗಂಡನನ್ನು ಕರೆದುಕೊಂಡು ಬಂದರು. ಆತ ಕೂಲಿ ಬಿಟ್ಟು ಬಂದಿದ್ದ. ಬಾಗಿಲಲ್ಲೇ ನಿಂತು, "ಇನ್ನೊಂದ್ ಸಲ ಹೇಳ್ರೀ, ಇವರೂ ಕೇಳ್ಲಿ" ಅಂದರು.

ಭಾನುವಾರ ಮನೆ ಬದಲಾಯಿಸಿದರು.

ಸುಮ್ನೆ_ಹೇಳ್ದೆ:
ನಲ್ಲಿಯಲ್ಲಿ ನೀರು ಬರುತ್ತಿದೆಯಾ?

ಕಡಲೆಕಾಯಿ_ಪರಿಷೆ:
ಮೂರು ದಿನಕ್ಕೊಮ್ಮೆ, ರಾತ್ರಿ ಎರಡು ಗಂಟೆಗೆ. ಹಿಡಿದಿಡಲು ಡ್ರಮ್ ಬೇಕಂತೆ. 200 ಲೀಟರಿನದು ಹಳೇದು ಯಾರ ಹತ್ತಿರವಾದರೂ ಇದ್ದರೆ ಹೇಳಿ.